ಚಾಚಾರ ಎಡಗೈ

ರೊಟ್ಟಿ ಬಡಿಯುತ್ತಿದ್ದೆ. ಅವತ್ತೇ ಧಾರವಾಡದಲ್ಲಿ ನಮ್ಮ ಮನೆಯವರ ಲೆಕ್ಕಪತ್ರದ ಪರೀಕ್ಷೆ. ಅವರು ಚಾಳಿನ ನಳದ ಹತ್ತಿರ ಸ್ನಾನಕ್ಕೆ ಹೋಗಿದ್ದರು. ಹಿಂದಿನ ಓಣಿಯ ಚಾಚಾರ ಮಗಳು ಬಾಗಿಲಿಗೆ ಬಂದಳು.

"ವೈನಿ, ಅಬ್ಬಾ ಹೋಗಿಬಿಟ್ರು. ಮಧ್ಯಾಹ್ನ ನಮಾಜ್ ಆದಮ್ಯಾಲೆ ಮಣ್ಣು. ಅಣ್ಣಾರಿಗೆ ಹೇಳ್ರಿ." ಅಳುತ್ತಲೇ ಬಂದ ದಾರಿಯಲ್ಲಿ ಓಡಿದಳು.

ನನ್ನ ಕಣ್ಣ ಮುಂದೆ ಬಂದದ್ದು ಚಾಚಾರ ಎಡ ಅಂಗೈ. ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ಅದರ ಅಂಚು ಶಾಯಿ ಹತ್ತಿ ನೀಲಿಯಾಗಿತ್ತು. ಅರಳೆ ಅಂಗಡಿಯಲ್ಲಿ ನಲವತ್ತು ವರ್ಷ ಬಲಗೈಯಲ್ಲೇ ಲೆಕ್ಕ ಬರೆದ ಮನುಷ್ಯ ಅವರು.

ಆಣೆ-ಪೈ ಹೋಗಿ ನಯಾ ಪೈಸೆ ಬಂದಿದ್ದ ಕಾಲ. ಗಿರಣಿಯ ಯಂತ್ರ ನಮ್ಮ ಮನೆಯವರ ಬಲಗೈಯ ಬೆರಳುಗಳನ್ನೆಲ್ಲ ತೆಗೆದುಕೊಂಡಿತು. ಜೀವ ಉಳಿಯಿತಲ್ಲ ಎಂದು ಮಠಕ್ಕೆ ಹೋಗಿ ಕಾಯಿ ಒಡೆಸಿ ಬಂದೆ. ವರ್ಷದೊಳಗೆ ಪರೀಕ್ಷೆ ಪಾಸಾದರೆ ಆಫೀಸಿನಲ್ಲಿ ಕೆಲಸ, ಇಲ್ಲವಾದರೆ ಚಾಳಿನ ಖೋಲಿ ಖಾಲಿ ಮಾಡಿ ಎಂದರು ಗಿರಣಿಯ ಸಾಹೇಬರು. ಕಲಿಸುತ್ತೇನೆಂದು ಚಾಚಾ ತಾವಾಗಿ ಬಂದರು.

ಅಡ್ಡ ಬಂದವಳು ನಾನೇ. "ಲಕ್ಷ್ಮಿ ಪೂಜಿಗೆ ಇಡೋ ಲೆಕ್ಕದ ವಹಿ, ಚಾಚಾ. ಎಡಗೈಲೆ ಬರದ್ರ ಮನಿ ಉದ್ಧಾರ ಆದೀತೇನ್ರಿ?"

"ನಮ್ಮೊಳಗೂ ಎಡಗೈ ಬ್ಯಾಡ ಅಂತಾರವ್ವ. ಆದ್ರ ದೇವರು ಉಳಿಸಿ ಕೊಟ್ಟಿದ್ದು ಅದನ್ನ ಅಲ್ಲೇನು?"

ಅಂಗೈ ಹಸಿ ಶಾಯಿಯ ಮೇಲೆ ಉಜ್ಜಿ ಅಂಕಿಗಳೆಲ್ಲ ಕಲೆಸಿಹೋಗುತ್ತಿದ್ದವು. ಮೂರು ಯಾವುದು, ಎಂಟು ಯಾವುದು ತಿಳಿಯುತ್ತಿರಲಿಲ್ಲ. "ಇದು ನನ್ನ ಹಣೇಬರದಾಗ ಇಲ್ಲ" ಎಂದು ಒಂದು ದಿನ ಮನೆಯವರು ಬರೆಯುತ್ತಿದ್ದ ಟಾಕು ಒಗೆದರು. ಚಾಚಾ ಬೈಯಲಿಲ್ಲ. ಎಂಟು ದಿನ ಮುಖವನ್ನೂ ತೋರಿಸಲಿಲ್ಲ. ಆಮೇಲೆ ಬಂದರು, ಆ ನೀಲಿ ಕೈ ಹೊತ್ತು. ಮನೆಯಲ್ಲಿ ಕೂತು ತಾವೇ ಎಡಗೈಯಲ್ಲಿ ಬರೆದು ನೋಡಿದ್ದರು.

"ಸಿಕ್ತು! ವಹಿ ಓರೆ ಮಾಡಿ ಇಡು, ಅಂಗೈ ಬರಿಯೋ ಗೆರಿ ಕೆಳಗ ಇರಲಿ. ಮುದುಕನ್ನ ಮತ್ತ ಸಾಲಿಗೆ ಹಾಕೂಣೇನು ಅಂತ ನಿಮ್ಮ ಚಾಚಿ ನಕ್ಕು ಸಾಕಾಗ್ಯಾಳ."

ಅವತ್ತಿನಿಂದ ಅಂಕಿ ನಿಂತವು. ಮೇಲಿನಿಂದ ಕೂಡಿಸಿದ್ದನ್ನು ಕೆಳಗಿನಿಂದ ಮತ್ತೆ ಕೂಡಿಸಲು ಹಚ್ಚುತ್ತಿದ್ದರು. "ಎರಡೂ ಒಂದ ಬಂದ್ರ ನೀರು ಕುಡಿ. ಅಲ್ಲೀತನಕ ಬ್ಯಾಡ."

ಮನೆಯವರು ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಒಳಬಂದರು. "ಯಾರು ಬಂದಿದ್ರು?"

"ಹಾಲಿನಾಕಿ."

"ಚಾಚಾರ ಕಾಲಿಗೆ ಬಿದ್ದು ಹೋಗ್ತೇನಿ."

"ಗಾಡಿ ತಪ್ಪತದ್ರಿ. ಬರೋಮುಂದ ಹೋಗ್ರಿ." ದೇವರ ಗೂಡಿನ ಎದುರಿಗೇ ನಿಂತು ಹೇಳಿದೆ.

ಅವರು ಪಾಸಾದರು, ಖೋಲಿ ಉಳಿಯಿತು. ಸಣ್ಣಪುಟ್ಟದ್ದಕ್ಕೂ ದೇವರಿಗೆ ಕೈ ಮುಗಿಯುವವಳು ನಾನು. ಇದಕ್ಕೆ ಮಾತ್ರ ಕೈ ಮೇಲೆದ್ದಿಲ್ಲ. ಚಾಚಾರಿಗೆ ಒಂದು ಹಿಡಿ ಮಣ್ಣು ಹಾಕದ ಹಾಗೆ ಅವರನ್ನು ತಡೆದವಳು ನಾನು. ಪರೀಕ್ಷೆ ಬರೆದು ಬಂದ ಸಂಜೆ, ಸುದ್ದಿ ತಿಳಿದ ಮೇಲೆ, ಮನೆಯವರು "ನೀ ಹೇಳಬೇಕಾಗಿತ್ತು" ಎಂದರು, ಅಷ್ಟೇ. ಮತ್ತೆಂದೂ ಆ ಮಾತು ತೆಗೆಯಲಿಲ್ಲ.

ಅಂದು ಅವರು ಬುತ್ತಿ ಹಿಡಿದು ಓಣಿ ದಾಟುವವರೆಗೆ ಬಾಗಿಲಲ್ಲಿ ನಿಂತಿದ್ದೆ. ಚಾಚಾರ ಮನೆಯಲ್ಲಿ ಒಲೆ ಹೊತ್ತಿರುವುದಿಲ್ಲ. ಒಳಗೆ ಬಂದು, ಅವರ ಮನೆಮಂದಿಗೂ ಆಗುವಷ್ಟು ಜೋಳದ ಹಿಟ್ಟು ತೆಗೆದು, ರೊಟ್ಟಿಗೆ ಮತ್ತೆ ಎಸರಿಟ್ಟೆ.