ಇಬ್ಬರಿಗೂ ಗುಳಿಗೆ

ಪ್ರಣಾಲಿ ಮಹಾರಾಷ್ಟ್ರದ ಇಚಲಕರಂಜಿಯ ಹೊಲಿಗೆ ಕಾರ್ಖಾನೆಯಲ್ಲಿ ನೈಟಿಗಳಿಗೆ ತೋಳು ಕೂಡಿಸುತ್ತಿದ್ದಳು. ತವರು ಗಡಹಿಂಗ್ಲಜದ ಹತ್ತಿರದ ನೂಲ ಎಂಬ ಹಳ್ಳಿ, ಮನೆಮಾತು ಕನ್ನಡ. ಗಂಡ ಲಖನ್ ಬಟ್ಟೆಯ ಟ್ರಕ್ ಓಡಿಸುತ್ತಿದ್ದ. ತಿಂಗಳ ಅರ್ಧ ಭಾಗ ಭಿವಂಡಿ, ಸೂರತ್ ದಾರಿಯಲ್ಲೇ ಕಳೆಯುತ್ತಿತ್ತು. ಮದುವೆಯಾದ ಮರುವರ್ಷ ಅವಳಿಗೆ ಬಿಳಿಸೆರಗು ಹೋಗತೊಡಗಿತು. ತುರಿಕೆ, ಉರಿ, ಕಿಬ್ಬೊಟ್ಟೆಯಲ್ಲಿ ನೋವು. ಮಷಿನ್ ಮುಂದೆ ಕೂರಲಾಗದೆ ಮತ್ತೆ ಮತ್ತೆ ಏಳುತ್ತಿದ್ದಳು.

ಅತ್ತೆ ದ್ರೌಪದಿ, "ಉಷ್ಣ ಆಗೇತಿ, ಸಬ್ಜಾ ಬೀಜದ ನೀರ ಕುಡಿ. ಹೆಂಗಸರಿಗೆ ಇದು ಇದ್ದದ್ದ" ಎಂದಳು. ಪ್ರಣಾಲಿ ಕುಡಿದಳು. ಒಮ್ಮೆ ಔಷಧದ ಅಂಗಡಿಗೂ ಹೋದಳು. ಅಲ್ಲಿ ಗಂಡನ ಗೆಳೆಯ ನಿಂತಿದ್ದ. ತಲೆನೋವಿನ ಗುಳಿಗೆ ಕೇಳಿ ತಿರುಗಿ ಬಂದಳು. ಕೆಟ್ಟ ಹೆಂಗಸರಿಗಷ್ಟೇ ಇಂಥ ರೋಗ ಬರುವುದೆಂದು ಅವಳೂ ನಂಬಿದ್ದಳು.

ನೋವು ತಡೆಯಲಾಗದಾಗ ತವರಿನ ನೆಪ ಹೇಳಿ ಬಸ್ ಹತ್ತಿ, ಗಡಹಿಂಗ್ಲಜದಲ್ಲೇ ಇಳಿದು ಸರಕಾರಿ ದವಾಖಾನೆಗೆ ಹೋದಳು. ಡಾಕ್ಟರ್ ಮೃಣಾಲ ಬಾಗಿಲು ಮುಚ್ಚಿ ಮರಾಠಿಯಲ್ಲಿ ವಿಚಾರಿಸಿದರು. ಅವಳು "ಹೊಟ್ಟಿ ನೋವ್ರಿ" ಎಂದಷ್ಟೇ ಕನ್ನಡದಲ್ಲಿ ಹೇಳಿದಳು. ಆಮೇಲೆ ಡಾಕ್ಟರರೂ ಕನ್ನಡದಲ್ಲಿ ಕೇಳಿದರು.

"ಎಷ್ಟ ದಿನ ಆತವ್ವಾ?"

"ಭಾಳ ದಿನ ಆತ್ರಿ."

ಪರೀಕ್ಷೆ ಮಾಡಿ ಹೇಳಿದರು: "ಇದು ಗಂಡ-ಹೆಂಡತಿ ಕೂಡೂದರಿಂದ ದಾಟೂ ರೋಗ. ಗುಣ ಆಗತೈತಿ. ಆದ್ರ ನಿನ್ನ ಗಂಡಾನೂ ಗುಳಿಗಿ ತಗೋಬೇಕು. ಇಲ್ಲಂದ್ರ ನಿನಗ ಮತ್ತ ಬರತೈತಿ."

"ನಾ ಅಂಥಾಕಿ ಅಲ್ರಿ."

"ನೀ ಎಂಥಾಕಿ ಅಂತ ನಾ ಕೇಳಿಲ್ಲವ್ವಾ."

ಗಂಡನ ಪಾಲಿನ ಗುಳಿಗೆಯನ್ನೂ ಕೊಟ್ಟು ಕಳಿಸಿದರು. ಲಖನ್ ಬಂದ ದಿನ ಅದನ್ನು ಅವನ ಮುಂದಿಟ್ಟಳು.

"ನನಗೇನಾಗೇತಿ? ನಿನಗ ಎಲ್ಲಿಂದ ಬಂತು, ಅದನ್ನ ಹೇಳ!" ಎಂದು ಕೂಗಾಡಿದ.

"ಕಾರ್ಖಾನಿ ಬಿಟ್ರ ನನಗ ಮನಿ. ನೀವು ಗುಳಿಗಿ ನುಂಗೂತನಕಾ ನಾ ಅತ್ತಿ ಕೂಡ ಮಲಗತೇನಿ."

ದ್ರೌಪದಿ ಎಲ್ಲ ಕೇಳಿಸಿಕೊಂಡಳು. ತನ್ನ ಹಾಸಿಗೆಯನ್ನು ಅಗಲಕ್ಕೆ ಹಾಸಿದಳು.

ಲಖನ್ ಗುಳಿಗೆ ಮುಟ್ಟದೆ ಟ್ರಕ್ ಹತ್ತಿದ. ಆ ಫೇರಿ ಮುಗಿಸಿ ಬಂದಾಗ ಮೂತ್ರಕ್ಕೆ ಹೋದರೆ ಅವನಿಗೇ ಉರಿಯುತ್ತಿತ್ತು. "ಆ ದವಾಖಾನಿ ಎಲ್ಲೈತಿ?" ಎಂದಷ್ಟೇ ಕೇಳಿದ. ಪ್ರಣಾಲಿ ಕರೆದೊಯ್ದಳು. ಇಬ್ಬರಿಗೂ ಗುಣವಾಯಿತು.

ಅದು ಎಲ್ಲಿಂದ ಬಂತೆಂದು ಒಮ್ಮೆ ಕೇಳಿದಳು. ಅವನು ಎದ್ದು ಟ್ರಕ್ ಒರೆಸಲು ಹೋದ; ಅವಳು ಮತ್ತೆ ಕೇಳಲಿಲ್ಲ. ಈಗ ಅವನು ಟ್ರಕ್ ಹತ್ತುವಾಗ ಚೀಲಕ್ಕೆ ನಿರೋಧ್ ಪಾಕೀಟು ಹಾಕುವವಳು ಅವಳೇ.