ಸೊಳ್ಳೆಗಿಟ್ಟ ಲೋಟ

ಆ ಮಳೆಗಾಲ ನನ್ನ ತಲೆ ಕೆಡಿಸಿದ್ದು ಮೂರು ಪ್ಲಾಸ್ಟಿಕ್ ಲೋಟಗಳು. ಸವಣೂರಿನ ಒಂದು ಓಣಿಯಲ್ಲಿ ಮನೆಮನೆಯ ನೀರಿನ ಡ್ರಮ್ಮಿನ ಪಕ್ಕ ನಾನು ಕಪ್ಪು ಲೋಟ ಇಟ್ಟು ಬರುತ್ತಿದ್ದೆ. ಮುಂದಿನ ವಾರ ಹೋದರೆ ನನಗೆ ಬೇಕೇಬೇಕಾದ ಮೂರು ಮನೆಗಳಲ್ಲೇ ಅದು ಒಣಗಿ ಬೋರಲಾಗಿ ಬಿದ್ದಿರುತ್ತಿತ್ತು.

ಡೆಂಗಿ ಹರಡುವ ಸೊಳ್ಳೆ ಭಾರಿ ಶೋಕಿಯದು. ಗಟಾರದ ನೀರು ಅದಕ್ಕೆ ಸೇರುವುದಿಲ್ಲ, ತುಂಬಿಟ್ಟ ತಿಳಿನೀರೇ ಬೇಕು. ಲೋಟದಲ್ಲಿ ಅರ್ಧ ನೀರು ಹಾಕಿ ಒಳಗೆ ಒರಟು ಕಾಗದದ ಪಟ್ಟಿ ಅಂಟಿಸಿದರೆ ಅದರ ಮೇಲೆ ತತ್ತಿ ಇಡುತ್ತದೆ. ಮರಿ ಬೆಳೆದು ಸೊಳ್ಳೆಯಾಗುವ ಮೊದಲೇ ನಾನು ನೀರು ಚೆಲ್ಲಿ ಪಟ್ಟಿ ಎತ್ತಿಕೊಂಡು ಹೋಗುತ್ತೇನೆ. ಜ್ವರ ಬಂದುಹೋದ ಮನೆಗಳಲ್ಲಿ ತತ್ತಿ ಹೆಚ್ಚೋ, ಬಾರದ ಮನೆಗಳಲ್ಲಿ ಹೆಚ್ಚೋ ಎಂಬುದೇ ನನ್ನ ಪಿಎಚ್‌ಡಿ. ಹಾನಗಲ್ಲು, ಶಿಗ್ಗಾವಿಯ ಲೋಟಗಳು ಹೇಗೋ ನಡೆದಿದ್ದವು. ಸವಣೂರು ಕೈಕೊಟ್ಟರೆ ವರ್ಷದ ಕೆಲಸವೇ ಹಾಳು. ಈ ಓಣಿಯಲ್ಲಿ ಜ್ವರ ಕಂಡ ಮನೆ ಮೂರು, ಲೋಟದ ನೀರು ಚೆಲ್ಲುತ್ತಿದ್ದವರೂ ಆ ಮೂರು ಮನೆಯವರೇ.

ಒಂದು ದಿನ ನನಗೆ ತಡೆಯಲಾಗಲಿಲ್ಲ. ನಳ ಬಂದಿತ್ತು. ಆ ಮೂರರಲ್ಲಿ ಒಂದು ಮನೆಯಾಕೆ ಪೈಪು ಹಿಡಿದು ಡ್ರಮ್ಮು ತುಂಬಿಸುತ್ತಿದ್ದರು.

"ಎಷ್ಟ ಸಲ ಹೇಳ್ಬೇಕ್ರಿ ನಿಮಗ, ಲೋಟದಾಗಿನ ನೀರು ಚೆಲ್ಲಬ್ಯಾಡ್ರಿ ಅಂತ?" ಎಂದೆ.

"ನೀರು ನಿಲ್ಲಿಸಬ್ಯಾಡ್ರಿ ಅಂತ ದವಾಖಾನಿಯವರು ಹೇಳಿ ಹೋದ್ರು. ನೀವು ನಿಲ್ಲಸ್ರಿ ಅಂತೀರಿ. ನಾವು ಯಾರ ಮಾತು ಕೇಳ್ಬೇಕ್ರಿ ಅಕ್ಕಾರ?"

"ಇದರಾಗ ಸೊಳ್ಳಿ ಏಳಂಗಿಲ್ರಿ. ಅಷ್ಟರಾಗ ನಾ ಬರ್ತೇನಿ."

"ಆ ವಾರ ನಿಮಗ ಬರಾಕ ಆಗ್ಲಿಲ್ಲಂದ್ರ?"

ಅವರು ಪೈಪು ಕೆಳಗಿಟ್ಟರು.

"ಹೋದ ವರ್ಷ ನನ್ನ ಮಗಳನ್ನ ಹುಬ್ಬಳ್ಳಿ ದವಾಖಾನ್ಯಾಗ ಮಲಗಿಸಿ, ಜೀವ ಉಳಿದ್ರ ಸಾಕು ಅಂತ ಕುಂತಿದ್ದೆ. ನಿಮ್ಮ ಲೋಟ ಮನ್ಯಾಗ ಇದ್ರ ನನಗ ನಿದ್ದಿ ಹತ್ತಂಗಿಲ್ರಿ."

ಉಳಿದೆರಡು ಮನೆಯವರದೂ ಅದೇ ಮಾತು. ನನ್ನ ಗೈಡಿಗೆ ಫೋನ್ ಮಾಡಿದರೆ, "ಬ್ಯಾರೆ ಮನಿ ನೋಡ್ರಿ" ಎಂದರು. ಜ್ವರ ಬಂದುಹೋದ ಮನೆಗಳನ್ನು ಸಂತೆಯಲ್ಲಿ ಆರಿಸಿ ತರಬಹುದು ಎನ್ನುವ ಹಾಗೆ. ಅವರ ಮೇಲೂ ಸಿಟ್ಟು ಬಂತು, ಸೊಳ್ಳೆಯ ಮೇಲೂ, ಈ ವಿಷಯ ಆರಿಸಿಕೊಂಡ ನನ್ನ ಮೇಲೂ.

ಮುಂದಿನ ವಾರ ಲೋಟ ವಾಪಸು ತರಲು ಹೋದೆ. ಮುಖ ಗಂಟು ಹಾಕಿಕೊಂಡೇ ಆ ಮನೆಯ ಬಾಗಿಲಲ್ಲಿ ನಿಂತೆ. ಆಕೆ ಒಳಗೆ ಹೋಗಿ ಸ್ವಲ್ಪ ಹೊತ್ತು ಮಾಡಿದರು. ಕೊನೆಗೆ ಲೋಟ ತಂದವಳು ಮಗಳು. ಕೆನ್ನೆ ತುಂಬಿಕೊಂಡ, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ ಹುಡುಗಿ. ಲೋಟವನ್ನು ಫಳಫಳ ತೊಳೆದಿದ್ದರು. ನಾನು ಬರೆದ ನಂಬರು ಹಾಗೇ ಇತ್ತು. ಒಳಗೆ ಸಕ್ಕರೆ.

"ಖಾಲಿ ಕೊಡಬಾರ್ದ್ರಿ," ಎಂದರು ತಾಯಿ ಹಿಂದಿನಿಂದ.

ನಾನು ನೀರು ಹಾಕುತ್ತಿದ್ದ ಗೆರೆಯ ತನಕ ಸಕ್ಕರೆ ತುಂಬಿತ್ತು. ವರ್ಷದ ಕೆಲಸ ಹೋಯಿತು ಎಂಬ ಸಿಟ್ಟು ಇನ್ನೂ ಹಾಗೇ ಇತ್ತು. ಯಾರನ್ನು ಬೈಯಬೇಕೋ ಮಾತ್ರ ತಿಳಿಯಲಿಲ್ಲ. ಬಸ್‌ಸ್ಟ್ಯಾಂಡಿನ ತನಕ ಆ ಲೋಟವನ್ನು ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಡೆದೆ.