ಮೈಯೋ ಮಾಲೋ

ಇವತ್ತು ಬೆಳಿಗ್ಗೆ ಸೊಸೆ ಟ್ರಂಕು ತೆಗೆದು, ಬೆಳ್ಳಿ ಸಾಮಾನನ್ನೆಲ್ಲ ನಡುಮನೆಯಲ್ಲಿ ಹರವಿಕೊಂಡು ಕೂತಿದ್ದಳು. ಗೋಕಾಕದ ಬ್ಯಾಂಕಿನಲ್ಲಿ ಲಾಕರು ಸಿಕ್ಕಿದೆ; ಇಡುವ ಮುಂಚೆ ಪಟ್ಟಿಯಾಗಬೇಕು. ಆರತಿ ತಟ್ಟೆ, ಕುಂಕುಮದ ಬಟ್ಟಲು ಬರೆದಾದ ಮೇಲೆ ಒಂದು ಗುಂಡಗಡಗಿಯನ್ನು ಎತ್ತಿ ಹಿಡಿದಳು. "ಮಾಮಾರ, ಇದು ನಿಮ್ದಲ್ರಿ? ಇದನ್ನೂ ಬರೀಲೇನ್ರಿ?"

ಗುಂಡಗಡಗಿ ಎಂದರೆ ಇಷ್ಟಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆ. ನನ್ನದು ಕೊರಳು ಬಿಟ್ಟು ಟ್ರಂಕು ಸೇರಿ ಎಷ್ಟು ವರ್ಷವಾಯಿತೋ. "ತಡಿಯವಾ, ಹೇಳ್ತೀನಿ" ಎಂದು ಹೊರಗೆ ಕಟ್ಟೆಗೆ ಬಂದು ಕೂತೆ. ನೀವೂ ಕೂತುಕೊಳ್ಳಿ, ಈ ಉತ್ತರ ಸ್ವಲ್ಪ ಉದ್ದವಿದೆ.

ನಾನು ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದವನು. ಅಕ್ಷರ ದುಂಡಗಿದೆಯೆಂದು ಲಾಠಿ ಕಸಿದುಕೊಂಡು ಪೆನ್ನು ಕೊಟ್ಟಿದ್ದರು. ನಾನು ಕಳ್ಳರನ್ನು ಹಿಡಿದವನಲ್ಲ, ಹಿಡಿದವರ ಬಗ್ಗೆ ಚೆಂದಾಗಿ ಬರೆದವನು. ನಮ್ಮಲ್ಲಿ ಎರಡೇ ಜಾತಿಯ ಕೇಸು: ಮೈ ಕೇಸು, ಮಾಲು ಕೇಸು. ಹೊಡೆತ, ಬಡಿತ, ಕೊಲೆ ಎಲ್ಲ ಮೈ. ಕಳವು, ವಂಚನೆ ಮಾಲು. ಕಾಯ್ದೆ ಪುಸ್ತಕದಲ್ಲೂ ಎರಡಕ್ಕೂ ಬೇರೆ ಬೇರೆ ಅಧ್ಯಾಯ. ಈಗ ಪುಸ್ತಕದ ಹೆಸರು ಬದಲಾಗಿದೆ, ಅಧ್ಯಾಯಗಳು ಬೇರೆಯಾಗಿಯೇ ಇವೆ. ಮೈ ಕೇಸಿಗೆ ಡಾಕ್ಟರರ ಚೀಟಿ ಬೇಕು, ಮಾಲು ಕೇಸಿಗೆ ಕಿಮ್ಮತ್ತು. ಇಷ್ಟು ಗೊತ್ತಿದ್ದರೆ ಲೋಕದ ದುಃಖವನ್ನೆಲ್ಲ ಎರಡು ಕಪಾಟಿನಲ್ಲಿ ಜೋಡಿಸಬಹುದೆಂದು ನಾನು ನಂಬಿದ್ದೆ.

ಒಂದು ಗುರುವಾರ ಮಸಗುಪ್ಪಿಯ ನೀಲವ್ವ ಎಂಬ ಮುದುಕಿ ಬಂದಳು. ಕಲ್ಲೋಳಿಯಲ್ಲಿ ಬಸ್ಸು ಹತ್ತುವ ಗದ್ದಲದಲ್ಲಿ ಯಾರೋ ಆಕೆಯ ಶಿವದಾರ ಕತ್ತರಿಸಿ ಗುಂಡಗಡಗಿ ಹಾರಿಸಿದ್ದರು.

"ಏನ್ ಕಳವಾಗೈತಿ, ಯವ್ವಾ?"

"ನನ್ನ ಜೀವಾನ ಒಯ್ದಾರ್ರಿ."

"ಮೈಗೆ ಗಾಯ ಆಗೈತೇನು?"

"ಇಲ್ರಿ."

ಗಾಯವಾಗಿದ್ದರೆ ಮಾತು ಬೇರೆಯಿತ್ತು. ಮಾಲು ಕೇಸು ಎಂದು ಬರೆದೆ: ಬೆಳ್ಳಿಯ ಗುಂಡಗಡಗಿ ಒಂದು, ತೂಕ ಇಂತಿಷ್ಟು, ಒಳಗೆ ಕಪ್ಪು ಲಿಂಗ ಒಂದು, ಕಿಮ್ಮತ್ತು ಇಲ್ಲ. ನಿಯಮದಂತೆ ಓದಿ ಹೇಳಿದೆ. ಕೊನೆಯ ಮಾತಿಗೆ ಆಕೆ ತಲೆಯೆತ್ತಿದಳು.

"ಅದಕ್ಕ ಕಿಮ್ಮತ್ತ ಇಲ್ಲೇನ್ರಿ?"

"ಬಜಾರದಾಗ ಇಲ್ಲ, ಯವ್ವಾ. ಮಾಲು ಕೇಸು ಅಂದ್ರ ಹಿಂಗ ಬರೀಬೇಕು."

ಆಕೆ ಹೆಬ್ಬೆಟ್ಟು ಒತ್ತಿದಳು.

ಲಿಂಗಪೂಜೆಯಾಗದೆ ನೀಲವ್ವ ತುತ್ತು ಎತ್ತುವವಳಲ್ಲ. ಮಠದ ಸ್ವಾಮಿಗಳು ಬೇರೆ ಲಿಂಗ ಕಟ್ಟುತ್ತೇವೆಂದರೂ, "ನಂದು ಇನ್ನೂ ಎಲ್ಲೋ ಐತ್ರಿ, ಬುದ್ಧಿ" ಎಂದಳಂತೆ. ಮಗ ಕೈಮುಗಿದು ಬೇಡಿಕೊಂಡರೂ ನೀರಿನ ಹೊರತು ಏನನ್ನೂ ಮುಟ್ಟಲಿಲ್ಲ.

ಪುಣ್ಯಕ್ಕೆ ಶುಕ್ರವಾರವೇ ಕಳ್ಳ ಹುಕ್ಕೇರಿ ಪೇಟೆಯಲ್ಲಿ ಅದನ್ನು ಮಾರಲು ಹೋಗಿ ಸಿಕ್ಕಿಬಿದ್ದ. ಬೆಳ್ಳಿಯೂ ಬಂತು, ಒಳಗೆ ಲಿಂಗವೂ ಇತ್ತು. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ನಾನೇ. ಸಾಕ್ಷಿಗಳ ಮುಂದೆ ಬಟ್ಟೆಯಲ್ಲಿ ಕಟ್ಟಿ, ಅರಗು ಕಾಯಿಸಿ ಸೀಲು ಒತ್ತಿ, ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಇನ್ನು ಬಿಡಿಸಿಕೊಳ್ಳಲು ಗೋಕಾಕ ಕೋರ್ಟಿನ ಆದೇಶ ಬೇಕು. ಮರುದಿನ ಎರಡನೇ ಶನಿವಾರ, ಅದರ ಮರುದಿನ ರವಿವಾರ.

ಶನಿವಾರ ಬೆಳಿಗ್ಗೆ ಮಗನ ಗಾಡಿಯ ಹಿಂದೆ ಕೂತು ನೀಲವ್ವ ಠಾಣೆಗೆ ಬಂದಳು. "ಒಂದ ಸಲ ಕೈಯಾಗ ಕೊಡ್ರಿ, ಸಾಹೇಬ್ರ. ಪೂಜಿ ಮಾಡಿ ನಿಮ್ಮ ಮುಂದನ ವಾಪಸ್ ಕೊಡ್ತೀನಿ."

"ಸೀಲ್ ಒಡ್ಯಾಕ ಬರಂಗಿಲ್ಲ, ಯವ್ವಾ."

ಆಕೆ ಕಪಾಟಿಗೆ ಎದುರಾಗಿ ನೆಲದ ಮೇಲೆ ಕೂತು, ವಿಭೂತಿ ಹಚ್ಚಿಕೊಂಡು, ಬರಿದಾದ ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಅದರ ಮೇಲೆ ಪತ್ರಿ ಏರಿಸಿದಳು. ಕಪಾಟಿನ ಕೀಲಿ ನನ್ನ ಜೇಬಿನಲ್ಲಿತ್ತು. ರವಿವಾರವೂ ಬಂದಳು, ಅಂದು ಗೋಡೆ ಹಿಡಿದುಕೊಂಡು ಎದ್ದಳು. ನಾನು ತಲೆ ಬಗ್ಗಿಸಿ ಬರೆಯುತ್ತಿದ್ದೆ. ಏನು ಬರೆಯುತ್ತಿದ್ದೆನೋ ದೇವರಿಗೇ ಗೊತ್ತು. ಅವತ್ತು ಆಕೆಗೆ ಏನಾದರೂ ಆಗಿದ್ದರೆ ಕಳ್ಳನ ಮೇಲೆ ಅದೇ ಮಾಲು ಕೇಸು ಇರುತ್ತಿತ್ತು, ನನ್ನ ಮೇಲೆ ಯಾವ ಕೇಸೂ ಇರುತ್ತಿರಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸೋಮವಾರ ಆದೇಶ ತಂದು ಸೀಲು ಒಡೆದೆ. ಅರಗಿನ ಹನಿಯೊಂದು ಬಟ್ಟೆ ದಾಟಿ ಬೆಳ್ಳಿಗೆ ಅಂಟಿತ್ತು. ನೀಲವ್ವ ಅದನ್ನು ಉಗುರಿನಿಂದ ಕೆರೆದು ತೆಗೆದಳು, ಲಿಂಗವನ್ನು ಕಣ್ಣಿಗೊತ್ತಿಕೊಂಡಳು. ಅಲ್ಲೇ ಪೂಜೆ ಮುಗಿಸಿ ಮಗ ತಂದಿದ್ದ ಹಾಲು ಕುಡಿದಳು. ಹೊರಡುವಾಗ ನನ್ನ ಕೊರಳು ನೋಡಿದಳು.

"ನೀವೂ ಲಿಂಗವಂತರಲ್ರಿ? ಲಿಂಗ ಎಲ್ಲೈತ್ರಿ?"

"ಐತಿ, ಯವ್ವಾ. ಮನ್ಯಾಗ, ಟ್ರಂಕಿನ್ಯಾಗ."

ಆಕೆ ಸಿಟ್ಟಿಲ್ಲದೆ ಹೇಳಿದಳು: "ಹಂಗಾರ ನಿಮ್ದು ಖರೇನ ಮಾಲು ಬಿಡ್ರಿ."

ಆಮೇಲೆ ಆಕೆಯನ್ನು ನಾನು ನೋಡಲಿಲ್ಲ.

ಒಳಗೆ ಹೋದಾಗ ಸೊಸೆ ಪೆನ್ನು ಹಿಡಿದು ಕಾಯುತ್ತಿದ್ದಳು. "ತೂಕ ಮಾಡ್ಲೇನ್ರಿ, ಮಾಮಾರ?"

"ಬ್ಯಾಡವಾ. ಅದನ್ನ ಪಟ್ಟಿಯಾಗ ಬರೀಬ್ಯಾಡ."

"ಮತ್ತ ಎಲ್ಲಿ ಇಡ್ಲಿ?"

ಎಡಗೈ ಚಾಚಿದೆ. ಅವಳು ಅಂಗೈಯಲ್ಲಿಟ್ಟಳು. ಮುಂದೇನು ಮಾಡಬೇಕೆಂಬುದು ಕೈಗೆ ಮರೆತುಹೋಗಿತ್ತು. ಹಳೆಯ ದಾರ ಮುಟ್ಟಿದರೆ ಪುಡಿಯಾಗುತ್ತಿತ್ತು. ಹೊಸದು ತರಲು ಮೂಡಲಗಿಯ ಬಸ್ಸು ಹತ್ತಿದೆ. ಕೂಡಲು ಜಾಗವಿರಲಿಲ್ಲ. ಗುಂಡಗಡಗಿಯನ್ನು ಜೇಬಿಗೆ ಹಾಕಲು ಮನಸ್ಸು ಬಾರದೆ, ಒಂದೇ ಕೈಯಲ್ಲಿ ಕಂಬಿ ಹಿಡಿದು, ಮೂಡಲಗಿ ಬರುವವರೆಗೂ ನಿಂತೇ ಇದ್ದೆ.